ಹೊಸ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಯಾರಿಗೆ ಬೇಕು, ಯಾರಿಗೆ ಬೇಡ

ಶೋರೂಮಿನಲ್ಲಿ ಕಾರು ಬುಕ್ ಮಾಡಲು ಕೂತಾಗ ಕೈಗೆ ಒಂದು ಚೀಟಿ ಕೊಡುತ್ತಾರೆ. ಮೇಲೆ ಎಕ್ಸ್-ಶೋರೂಂ ಬೆಲೆ. ಅದರ ಕೆಳಗೆ ರಸ್ತೆ ತೆರಿಗೆ, ವಿಮೆ, ಫಾಸ್ಟ್‌ಟ್ಯಾಗ್. ಇನ್ನೂ ಕೆಳಗೆ ಮ್ಯಾಟು, ಸೀಟ್ ಕವರ್, ಮಡ್ ಫ್ಲ್ಯಾಪ್. ಇವುಗಳ ನಡುವೆ ಎಲ್ಲೋ ‘ಇ.ಡಬ್ಲ್ಯೂ.’ ಅಂತ ಬರೆದು ಎದುರಿಗೆ ಒಂದು ಮೊತ್ತ ಹಾಕಿರುತ್ತಾರೆ. ಅದೇ ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ಕಾರಿನ ಜೊತೆ ಪುಕ್ಕಟೆ ಬರುವ ಮಾಮೂಲಿ ವಾರಂಟಿ ಮುಗಿದ ಮೇಲೂ ಇನ್ನಷ್ಟು ವರ್ಷ ರಕ್ಷಣೆ ಸಿಗಲಿ ಅಂತ ಬೇರೆ ದುಡ್ಡು ಕೊಟ್ಟು ಕೊಳ್ಳುವುದು. ಲಕ್ಷಗಳ ಲೆಕ್ಕ ನಡೆಯುತ್ತಿರುವಾಗ ಹದಿನೈದು, ಇಪ್ಪತ್ತು ಸಾವಿರ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯವರೆಲ್ಲ ಬಣ್ಣದ ಬಗ್ಗೆ ಮಾತಾಡುತ್ತಿರುತ್ತಾರೆ. “ಎಲ್ರೂ ತಗೋತಾರೆ ಸಾರ್” ಅಂದರೆ ನಾವೂ ಸಹಿ ಹಾಕುತ್ತೇವೆ. ಇಲ್ಲವೇ ಇದೆಲ್ಲ ಸುಮ್ನೆ ದುಡ್ಡು ಕೀಳೋಕೆ ಅಂತ ಗೀಟು ಎಳೆಸುತ್ತೇವೆ. ಎರಡೂ ಕಡೆ ಲೆಕ್ಕ ಹಾಕಿರುವುದಿಲ್ಲ.

ನಾನು ಒಂದು ಕಾರಿಗೆ ಇದನ್ನು ಬೇಡ ಅಂದೆ, ಇನ್ನೊಂದಕ್ಕೆ ಬೇಕು ಅಂದೆ. ಆ ಎರಡರಿಂದ ಕಲಿತದ್ದು, ಪರಿಚಯದವರ ಕಾರುಗಳಲ್ಲಿ ಕಂಡದ್ದು ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ತುಂಬಾ ಜನ “ಬಂಪರ್ ಟು ಬಂಪರ್ ಇನ್ಶೂರೆನ್ಸ್ ಇದೆಯಲ್ಲ, ಮತ್ತೆ ವಾರಂಟಿ ಯಾಕೆ?” ಅಂತ ಕೇಳುತ್ತಾರೆ. ಬಂಪರ್ ಟು ಬಂಪರ್ ಅಂದರೆ ಭಾಗಗಳ ಸವಕಳಿ ಕಳೆಯದೆ ದುಡ್ಡು ಕೊಡುವ ವಿಮೆ, ಆದರೂ ಅದು ವಿಮೆಯೇ. ವಿಮೆ ಇರುವುದು ಹೊರಗಿನಿಂದ ಬರುವ ಹಾನಿಗೆ: ಅಪಘಾತ, ಕಳವು, ಬೆಂಕಿ, ಪ್ರವಾಹ. ವಾರಂಟಿ ಇರುವುದು ಕಾರಿನ ಒಳಗೇ ಒಂದು ಭಾಗ ತಾನಾಗಿ ಕೆಟ್ಟರೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಅಕ್ಕಪಕ್ಕ, ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ನೀರಲ್ಲಿ ಮುಳುಗಿದವಲ್ಲ, ಅಂಥ ಹಾನಿಗೆ ಯಾವ ವಾರಂಟಿಯೂ ಬರುವುದಿಲ್ಲ. ಅಲ್ಲಿ ವಿಮೆ ಬೇಕು. ನೀರು ನುಗ್ಗಿ ಎಂಜಿನ್ ಜಾಮ್ ಆದರೆ ಮಾಮೂಲಿ ವಿಮೆಯೂ ಸಾಲದು, ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ ಇರಬೇಕು. ಅದೇ, ಬಿಸಿಲಲ್ಲಿ ಸಾಗುತ್ತಿದ್ದಾಗ ಎಸಿ ಕಂಪ್ರೆಸರ್ ನಿಂತುಹೋದರೆ ವಿಮೆ ಕಂಪನಿ ಒಂದು ರೂಪಾಯಿ ಕೊಡಲ್ಲ. ಅಲ್ಲಿ ವಾರಂಟಿ ಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ನನ್ನ ಮೊದಲ ಕಾರು 2016ರ ಕೊನೆಯಲ್ಲಿ ಕೊಂಡ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಆಗ ಅದಕ್ಕೆ ಮಾಮೂಲಿ ವಾರಂಟಿ 2 ವರ್ಷ. ಮುಂದಿನ 2 ವರ್ಷಕ್ಕೆ ಒಂಬತ್ತು ಸಾವಿರದ ಹತ್ತಿರ ಕೇಳಿದರು, ಬೇಡ ಅಂದೆ. 2019ರ ಏಪ್ರಿಲ್‌ನಲ್ಲಿ ತುಮಕೂರು ದಾಟಿ ಶಿರಾ ಕಡೆ ಹೋಗುವಾಗ ಎಸಿಯಲ್ಲಿ ಬರೀ ಬಿಸಿಗಾಳಿ. ಗ್ಯಾಸ್ ಖಾಲಿ ಇರಬೇಕು ಅಂತ ತುಂಬಿಸಿದೆ. ಹತ್ತು ದಿನಕ್ಕೆ ಮತ್ತೆ ಅದೇ ಪಾಡು. ಸರ್ವಿಸ್ ಸೆಂಟರಿನಲ್ಲಿ ಕೂಲಿಂಗ್ ಕಾಯಿಲ್ ಲೀಕ್ ಅಂದರು. ಆ ಕಾಯಿಲ್ ಡ್ಯಾಶ್‌ಬೋರ್ಡಿನ ಒಳಗೆ ಕೂತಿರುತ್ತದೆ. ಅದನ್ನು ತೆಗೆಯಲು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ನಾನು ಹೋಗಿ ನೋಡಿದಾಗ ಸ್ಟೀರಿಂಗ್ ಪಕ್ಕಕ್ಕೆ ಇಳಿಸಿದ್ದರು, ವೈರುಗಳೆಲ್ಲ ಬಳ್ಳಿಯ ಹಾಗೆ ನೇತಾಡುತ್ತಿದ್ದವು, ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಹಾಕಿಟ್ಟಿದ್ದರು. ಕಾಯಿಲ್, ಲೇಬರ್, ಗ್ಯಾಸ್ ಎಲ್ಲ ಸೇರಿ ಹದಿನಾಲ್ಕು ಸಾವಿರ ದಾಟಿತು.

ಹಾಗಂತ ಬೇಡ ಅಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅದೇ ಕಾರು ಆಮೇಲೆ ನಾಲ್ಕು ವರ್ಷ ಓಡಿತು. ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿ ಬಿಟ್ಟರೆ ಏನೂ ಕೇಳಲಿಲ್ಲ. ಒಟ್ಟು ನಷ್ಟ ಐದು ಸಾವಿರದ ಆಚೀಚೆ. ಅದನ್ನು ತಡೆದುಕೊಳ್ಳಬಹುದು. ಪ್ರಶ್ನೆ ಇರುವುದು ತಡೆದುಕೊಳ್ಳಲು ಆಗದ ಬಿಲ್ ಯಾವ ಕಾರಿನಲ್ಲಿ ಬರಬಹುದು ಅನ್ನುವುದರಲ್ಲಿ.

ಮೊದಲು ಪುಕ್ಕಟೆ ಸಿಗುವುದೆಷ್ಟು ನೋಡಿ

ಈಗ ಪರಿಸ್ಥಿತಿ ಬದಲಾಗಿದೆ. ಮಾರುತಿ ಸುಜುಕಿ 2024ರ ಜುಲೈನಿಂದ ಮಾಮೂಲಿ ವಾರಂಟಿಯನ್ನು 2 ವರ್ಷ, 40,000 ಕಿಲೋಮೀಟರಿನಿಂದ 3 ವರ್ಷ, 1,00,000 ಕಿಲೋಮೀಟರಿಗೆ ಏರಿಸಿತು. ದುಡ್ಡು ಕಟ್ಟಿ 6 ವರ್ಷ, 1,60,000 ಕಿಲೋಮೀಟರ್ ತನಕ ಮುಂದುವರಿಸಬಹುದು. ಟೊಯೊಟಾದಲ್ಲೂ 3 ವರ್ಷ, 1,00,000 ಕಿಲೋಮೀಟರ್. ಹೋಂಡಾ, ಕಿಯಾ ಕಾರುಗಳಿಗೆ 3 ವರ್ಷ, ಕಿಲೋಮೀಟರ್ ಮಿತಿ ಇಲ್ಲ. ಇವು ಸ್ವಂತಕ್ಕೆ ಓಡಿಸುವ ಬಿಳಿ ಬೋರ್ಡ್ ಕಾರಿನ ಮಾತು. ಹಳದಿ ಬೋರ್ಡಿಗೆ ಷರತ್ತು ಬೇರೆ ಇರುತ್ತದೆ. ಕಂಪನಿಗಳು ಇದನ್ನೆಲ್ಲ ಆಗಾಗ ಬದಲಿಸುತ್ತವೆ, ಹಾಗಾಗಿ ನೀವು ಕೊಳ್ಳುವ ದಿನ ಮಾಲೀಕರ ಕೈಪಿಡಿಯಲ್ಲಿ ಏನಿದೆಯೋ ಅದೇ ಲೆಕ್ಕ.

ಇದರಿಂದ ಒಂದು ಮಾತು ಗೊತ್ತಾಗುತ್ತದೆ. ಇವತ್ತು ನೀವು ದುಡ್ಡು ಕೊಡುತ್ತಿರುವುದು ನಾಲ್ಕನೇ ವರ್ಷಕ್ಕೆ, ಐದನೇ ವರ್ಷಕ್ಕೆ. ಮೊದಲ ಮೂರು ವರ್ಷ ಹೇಗೂ ಕಂಪನಿಯದೇ ಜವಾಬ್ದಾರಿ. ಹಾಗಾಗಿ ಕೇಳಿಕೊಳ್ಳಬೇಕಾದ್ದು ಹೀಗೆ: ನಾಲ್ಕನೇ ವರ್ಷಕ್ಕೆ ಈ ಕಾರು ನನ್ನ ಹತ್ತಿರ ಇರುತ್ತಾ? ಇದ್ದರೆ ಮೀಟರಿನಲ್ಲಿ ಎಷ್ಟಾಗಿರುತ್ತದೆ?

ಮೀಟರಿನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಎಲ್ಲರೂ ಎಡವುವುದು ಇಲ್ಲೇ. ವರ್ಷ ಅಥವಾ ಕಿಲೋಮೀಟರ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಮಾಮೂಲಿ ವಾರಂಟಿ 3 ವರ್ಷ, 1 ಲಕ್ಷ. ನೀವು ಕೊಂಡದ್ದು 5 ವರ್ಷ, 1.4 ಲಕ್ಷದ ತನಕ ಅಂತ ಇಟ್ಟುಕೊಳ್ಳಿ.

ಮೈಸೂರಿನಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು. ದೇವಸ್ಥಾನ, ಮಾರ್ಕೆಟ್ಟು, ವರ್ಷಕ್ಕೆರಡು ಸಲ ಮಗಳ ಮನೆ. ವರ್ಷಕ್ಕೆ 5,000 ಕಿಲೋಮೀಟರ್. ಐದು ವರ್ಷ ಮುಗಿದಾಗಲೂ 25,000 ಆಗಿರುತ್ತದೆ. ಅವರು ದುಡ್ಡು ಕೊಟ್ಟು ಪಡೆದದ್ದು 10,000 ಕಿಲೋಮೀಟರಿನ ಓಡಾಟಕ್ಕೆ ರಕ್ಷಣೆ. ಎಂಜಿನ್, ಗೇರ್ ಬಾಕ್ಸ್ ಅಷ್ಟು ಓಟಕ್ಕೆ ಸಾಮಾನ್ಯವಾಗಿ ಏನೂ ಆಗಲ್ಲ.

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ವ್ಯಾಪಾರ ಮಾಡುವವರು ಇನ್ನೊಬ್ಬರು. ಗದಗ, ಹಾವೇರಿ, ರಾಣೆಬೆನ್ನೂರು, ವಾರಕ್ಕೆ ಐದು ದಿನ ರಸ್ತೆ ಮೇಲೆ. ವರ್ಷಕ್ಕೆ 40,000. ಇವರ ಮಾಮೂಲಿ ವಾರಂಟಿ ಎರಡೂವರೆ ವರ್ಷಕ್ಕೇ ಮುಗಿಯುತ್ತದೆ. ಕೊಂಡದ್ದು ಮೂರೂವರೆ ವರ್ಷಕ್ಕೆ ಮುಗಿಯುತ್ತದೆ. ಕಾಗದದ ಮೇಲೆ 5 ವರ್ಷ ಅಂತ ಇದ್ದರೂ ಇವರಿಗೆ ಸಿಕ್ಕಿದ್ದು ಒಂದೇ ಒಂದು ವರ್ಷ. ಆದರೂ ಇವರಿಗೆ ಇದು ಮೇಷ್ಟ್ರಿಗಿಂತ ಜಾಸ್ತಿ ಉಪಯೋಗ, ಯಾಕೆಂದರೆ ಅದೇ ದುಡ್ಡಿಗೆ 40,000 ಕಿಲೋಮೀಟರಿನ ಕಠಿಣ ಓಟಕ್ಕೆ ರಕ್ಷಣೆ ಸಿಕ್ಕಿತು.

ಎಲ್ಲರಿಗಿಂತ ಲಾಭ ಇರುವುದು ಮಧ್ಯದವರಿಗೆ. ವರ್ಷಕ್ಕೆ 15,000ದಿಂದ 25,000 ಓಡಿಸುವವರು, ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವವರು. ಇವರಿಗೆ ಎರಡೂ ವರ್ಷ ಪೂರ್ತಿ ಸಿಗುತ್ತದೆ.

ಇನ್ನೊಂದು ಸಂಗತಿ. ಮಾಮೂಲಿ ವಾರಂಟಿಗೆ ಕಿಲೋಮೀಟರ್ ಮಿತಿ ಇಲ್ಲ ಅಂದಮಾತ್ರಕ್ಕೆ ನಾಲ್ಕನೇ, ಐದನೇ ವರ್ಷಕ್ಕೂ ಮಿತಿ ಇಲ್ಲ ಅಂತ ಅಂದುಕೊಳ್ಳಬೇಡಿ. ಅದನ್ನು ಬೇರೆಯಾಗಿ ಕೇಳಿ, ಬರೆಸಿಕೊಳ್ಳಿ.

ಯಾವ ಕಾರು ಅನ್ನುವುದೂ ಮುಖ್ಯ

ಓಟ ಒಂದೇ ಇದ್ದರೂ ಕಾರು ಬೇರೆಯಾದರೆ ತೀರ್ಮಾನ ಬದಲಾಗುತ್ತದೆ. ಮ್ಯಾನ್ಯುವಲ್ ಗೇರಿನ, ಟರ್ಬೊ ಇಲ್ಲದ ಪೆಟ್ರೋಲ್ ಕಾರಿನಲ್ಲಿ ದೊಡ್ಡ ಬಿಲ್ ಬರುವ ಜಾಗಗಳು ಕಡಿಮೆ. ಎಸಿ, ಆಲ್ಟರ್ನೇಟರ್, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಅಷ್ಟೇ ಅನ್ನಬಹುದು. ಕ್ಲಚ್ ಪ್ಲೇಟ್ ಸವೆದರೆ ವಾರಂಟಿ ಇದ್ದವರೂ ಕೈಯಿಂದಲೇ ಕೊಡಬೇಕು.

ಆಟೊಮ್ಯಾಟಿಕ್ ಬಂದ ಕೂಡಲೇ ಕಥೆ ಬೇರೆ. ಎಎಂಟಿಯಲ್ಲಿ, ಅಂದರೆ ಮ್ಯಾನ್ಯುವಲ್ ಗೇರ್ ಬಾಕ್ಸನ್ನೇ ಯಂತ್ರ ನಡೆಸುವ ಕಾರಿನಲ್ಲಿ, ಗೇರ್ ಬದಲಿಸುವ ಆಕ್ಚುಯೇಟರ್ ಕೆಟ್ಟರೆ ಹತ್ತಾರು ಸಾವಿರ. ಡ್ಯುಯಲ್ ಕ್ಲಚ್ ಗೇರ್ ಬಾಕ್ಸಿನಲ್ಲಿ ಮೆಕಾಟ್ರಾನಿಕ್ ಅನ್ನುವ ಭಾಗ ಇದೆ, ಗೇರ್ ಬಾಕ್ಸಿನ ಮಿದುಳು ಇದ್ದ ಹಾಗೆ. ಅದು ಹೋದರೆ, ಅಥವಾ ಸಿವಿಟಿಯ (ಗೇರುಗಳ ಬದಲು ಬೆಲ್ಟ್ ಇರುವ ಆಟೊಮ್ಯಾಟಿಕ್) ಪೂರ್ತಿ ಬಾಕ್ಸ್ ಬದಲಿಸಬೇಕಾದರೆ, ಬಿಲ್ ಲಕ್ಷ ಮುಟ್ಟುವುದು ಅಪರೂಪವಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ದಿನಾ ಇಂಚಿಂಚು ಹೋಗುವ ಡ್ರೈ ಕ್ಲಚ್ (ತಣಿಸಲು ಎಣ್ಣೆ ಇಲ್ಲದ) ಡ್ಯುಯಲ್ ಕ್ಲಚ್ ಕಾರು ಬೇಗ ಬಿಸಿಯಾಗುತ್ತದೆ. ಡೀಸೆಲ್ಲಿನಲ್ಲಿ ಇಂಜೆಕ್ಟರ್, ಹೈ ಪ್ರೆಶರ್ ಪಂಪ್, ಟರ್ಬೊ, ಇಜಿಆರ್ ವಾಲ್ವ್, ಒಂದೊಂದೂ ದುಬಾರಿ. ಇದರ ಜೊತೆಗೆ ಈಗಿನ ಕಾರುಗಳಲ್ಲಿ ದೊಡ್ಡ ಟಚ್‌ಸ್ಕ್ರೀನ್, ಸುತ್ತಲೂ ಕ್ಯಾಮೆರಾ, ರೇಡಾರ್, ಸನ್‌ರೂಫ್ ಮೋಟರ್. ಇವು ಓಡಿಸಿದಷ್ಟು ಸವೆಯುವ ಸಾಮಾನಲ್ಲ. ನಿಂತಲ್ಲೇ ಬಿಸಿಲಿಗೆ, ವಯಸ್ಸಿಗೆ ಕೆಡಬಹುದು. ಮೇಲೆ ಹೇಳಿದ ಮೈಸೂರಿನ ಮೇಷ್ಟ್ರ ಕಾರು ಇಂಥದ್ದಾಗಿದ್ದರೆ ನಾನು ಅವರಿಗೂ ತಗೊಳ್ಳಿ ಅಂತಲೇ ಹೇಳುತ್ತೇನೆ.

ನನ್ನ ಎರಡನೇ ಕಾರು ಟರ್ಬೊ ಆಟೊಮ್ಯಾಟಿಕ್. ಅದಕ್ಕೆ ಕಂಪನಿಯದೇ 2 ವರ್ಷದ ಪ್ಯಾಕ್ ತಗೊಂಡೆ, ಜಿಎಸ್‌ಟಿ ಸೇರಿ ಇಪ್ಪತ್ತೆರಡು ಸಾವಿರ. ನಾಲ್ಕನೇ ವರ್ಷದಲ್ಲಿ ಟಚ್‌ಸ್ಕ್ರೀನ್ ಕಪ್ಪಾಗಿ ನಿಂತಿತು. ರಿವರ್ಸ್ ಕ್ಯಾಮೆರಾ ಕೂಡ ಅದರಲ್ಲೇ ಬರುವುದು. ಜಾಬ್ ಕಾರ್ಡಿನಲ್ಲಿ ಸಾಮಾನಿನ ಬೆಲೆಯ ಎದುರಿಗೆ ‘ವಾರಂಟಿ’ ಅಂತ, ಕೊನೆಯಲ್ಲಿ ಸೊನ್ನೆ. ಆ ಸಾಮಾನು ಒಂದಕ್ಕೇ ನಾನು ಕಟ್ಟಿದ್ದಕ್ಕಿಂತ ಜಾಸ್ತಿ ಬೆಲೆ ಇತ್ತು.

ಎಲೆಕ್ಟ್ರಿಕ್ ಕಾರಿನ ಬಗ್ಗೆ ಎರಡು ಮಾತು. ಬ್ಯಾಟರಿಗೆ ಕಂಪನಿಯೇ ಬೇರೆ ಉದ್ದದ ವಾರಂಟಿ ಕೊಡುತ್ತದೆ. ಟಾಟಾದ ನೆಕ್ಸಾನ್ ಇವಿ, ಟಿಯಾಗೊ ಇವಿ ಬಂದದ್ದು ಬ್ಯಾಟರಿಗೆ 8 ವರ್ಷ, 1,60,000 ಕಿಲೋಮೀಟರ್ ವಾರಂಟಿಯ ಜೊತೆ. ಟೊಯೊಟಾ ತನ್ನ ಹೈಬ್ರಿಡ್ ಬ್ಯಾಟರಿಗೂ ಅಷ್ಟೇ ಕೊಡುತ್ತದೆ. ಹಾಗಾಗಿ “ಬ್ಯಾಟರಿ ಹೋದರೆ ಲಕ್ಷಗಟ್ಟಲೆ” ಅಂತ ಹೆದರಿಸಿ ಎಕ್ಸ್‌ಟೆಂಡೆಡ್ ವಾರಂಟಿ ಮಾರಲು ಬಂದರೆ, ಬ್ಯಾಟರಿ ಬಿಟ್ಟು ಉಳಿದದ್ದಕ್ಕೆ ಇದರಲ್ಲಿ ಏನಿದೆ ಅಂತ ಕೇಳಿ.

ಕಂಪನಿಯದು, ಡೀಲರಿನದು, ಅಥವಾ ನಿಮ್ಮ ಸ್ವಂತ ಗಂಟು

ಕಂಪನಿಯ ವಾರಂಟಿಯಲ್ಲಿ ಮೊದಲ ಮೂರು ವರ್ಷಕ್ಕೆ ಇದ್ದ ಹಾಗೇ ಹೆಚ್ಚುಕಡಿಮೆ ಎಲ್ಲ ಭಾಗಗಳೂ ಸೇರುತ್ತವೆ. ದೇಶದ ಯಾವ ಊರಿನ ಅಧಿಕೃತ ಸರ್ವಿಸ್ ಸೆಂಟರಿನಲ್ಲಾದರೂ ನಡೆಯುತ್ತದೆ. ಊರಿಗೆ ಹೋದಾಗ ಕಲಬುರಗಿಯಲ್ಲೋ ಮಂಗಳೂರಿನಲ್ಲೋ ಕಾರು ನಿಂತರೆ ಇದರ ಬೆಲೆ ಗೊತ್ತಾಗುತ್ತದೆ.

ಡೀಲರ್ ತನ್ನದೇ ಹೆಸರಿನಲ್ಲಿ ಕೊಡುವುದು, ಅಥವಾ ಮೂರನೆಯ ಸಂಸ್ಥೆಯೊಂದರದ್ದು, ಇದಕ್ಕಿಂತ ಅಗ್ಗ ಇರುತ್ತದೆ. ಅಗ್ಗ ಯಾಕೆ ಅನ್ನುವುದು ಷರತ್ತಿನ ಪುಟದಲ್ಲಿರುತ್ತದೆ. ಕೆಲವದರಲ್ಲಿ ಪಟ್ಟಿಯಲ್ಲಿ ಹೆಸರಿರುವ ಭಾಗಕ್ಕೆ ಮಾತ್ರ ದುಡ್ಡು. ಕೆಲವದರಲ್ಲಿ ಒಂದು ಸಲದ ಕ್ಲೇಮಿಗೆ ಇಷ್ಟೇ ಅಂತ ಮಿತಿ. ಕೆಲವದರಲ್ಲಿ ಮೊದಲು ನೀವು ಬಿಲ್ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇಂಥದ್ದು ತಗೊಂಡಿದ್ದರು. ಎರಡು ವರ್ಷಕ್ಕೆ ಆ ಡೀಲರ್ ಬಾಗಿಲು ಹಾಕಿದ. ಹೊಸ ಡೀಲರ್ “ಇದು ನಮ್ಮದಲ್ಲ” ಅಂದ. ಕಾಗದ ಅವರ ಕಪಾಟಿನಲ್ಲಿ ಈಗಲೂ ಇದೆ. ಹಾಗಾಗಿ ನನ್ನ ಸಲಹೆ ನೇರ: ಕಾರು ತಯಾರಿಸಿದ ಕಂಪನಿಯ ಹೆಸರು ಸರ್ಟಿಫಿಕೇಟಿನ ಮೇಲೆ ಇಲ್ಲದಿದ್ದರೆ, ಪೂರ್ತಿ ಓದದೆ ಕೈ ಹಾಕಬೇಡಿ.

ಮೂರನೆಯ ದಾರಿ ವಾರಂಟಿ ತಗೊಳ್ಳದೆ ಅದೇ ದುಡ್ಡನ್ನು ಬೇರೆ ಇಡುವುದು. 20,000 ರೂಪಾಯಿಯನ್ನು ಶೇ 7ರ ಠೇವಣಿಯಲ್ಲಿಟ್ಟರೆ ಮೂರು ವರ್ಷಕ್ಕೆ 24,500ರ ಹತ್ತಿರ ಆಗುತ್ತದೆ. ನಾಲ್ಕನೇ ವರ್ಷಕ್ಕೆ ಅದು ನಿಮ್ಮ ರಿಪೇರಿ ಗಂಟು. ಏನೂ ಕೆಡದಿದ್ದರೆ ನಿಮ್ಮಲ್ಲೇ ಉಳಿಯಿತು. ಟೈರಿಗೂ ಆಯಿತು, ಕ್ಲಚ್ಚಿಗೂ ಆಯಿತು. ಮ್ಯಾನ್ಯುವಲ್ ಪೆಟ್ರೋಲ್ ಕಾರು, ಕಡಿಮೆ ಓಟ ಇರುವವರಿಗೆ ನಾನು ಇದನ್ನೇ ಹೇಳುವುದು. ಒಂದೇ ಷರತ್ತು, ನಿಜವಾಗಲೂ ಬೇರೆ ಇಡಬೇಕು. “ಆಮೇಲೆ ನೋಡೋಣ” ಅಂದರೆ ಆ ಗಂಟು ಇರುವುದಿಲ್ಲ.

ವಾರಂಟಿಯ ದುಡ್ಡನ್ನು ಕಾರಿನ ಸಾಲಕ್ಕೆ ಸೇರಿಸುವುದು ಮಾತ್ರ ಬೇಡ. ಶೇ 9ರ ಬಡ್ಡಿಗೆ 7 ವರ್ಷದ ಕಂತಾದರೆ 20,000 ರೂಪಾಯಿ ತೀರುವ ಹೊತ್ತಿಗೆ ಸುಮಾರು 27,000 ಆಗಿರುತ್ತದೆ. ವಾರಂಟಿ ಐದನೇ ವರ್ಷಕ್ಕೇ ಮುಗಿದಿರುತ್ತದೆ, ಕಂತು ಏಳನೇ ವರ್ಷದ ತನಕ ಹೋಗುತ್ತಿರುತ್ತದೆ. ಕೈಯಿಂದ ಕಟ್ಟಿ, ಇಲ್ಲದಿದ್ದರೆ ಆಮೇಲೆ ತಗೊಳ್ಳಿ.

ಹೌದು, ಆಮೇಲೆ ತಗೊಳ್ಳಬಹುದು. ಡೆಲಿವರಿ ದಿನವೇ ತಗೊಳ್ಳಬೇಕು, ಇಲ್ಲದಿದ್ದರೆ ಸಿಗಲ್ಲ ಅನ್ನುವ ಮಾತು ಹೆಚ್ಚಿನ ಕಂಪನಿಗಳ ವಿಷಯದಲ್ಲಿ ನಿಜವಲ್ಲ. ಮಾಮೂಲಿ ವಾರಂಟಿ ಚಾಲ್ತಿಯಲ್ಲಿರುವ ತನಕ ಸಾಮಾನ್ಯವಾಗಿ ಅವಕಾಶ ಇರುತ್ತದೆ. ತಡವಾದಷ್ಟೂ ಬೆಲೆ ಹಂತ ಹಂತವಾಗಿ ಏರುತ್ತದೆ, ಕೆಲವು ಕಡೆ ಕಾರು ಪರೀಕ್ಷೆ ಮಾಡಿ ಆಮೇಲೆ ಕೊಡುತ್ತಾರೆ. ಮೊದಲ ದಿನದ ಬೆಲೆ, ಒಂದು ವರ್ಷದ ನಂತರದ ಬೆಲೆ, ಎರಡು ವರ್ಷದ ನಂತರದ ಬೆಲೆ, ಮೂರನ್ನೂ ಬರೆಸಿಕೊಳ್ಳಿ. ಶೇ 18 ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ಏರಿಕೆ ಒಂದೆರಡು ಸಾವಿರ ಇದ್ದರೆ ಕಾಯುವುದೇ ಒಳ್ಳೆಯದು. ಎರಡು ವರ್ಷ ಓಡಿಸಿದ ಮೇಲೆ ನಿಮ್ಮ ಓಟ ಎಷ್ಟು, ಆ ಕಾರಿಗೆ ಯಾವ ಕಾಯಿಲೆ ಜಾಸ್ತಿ, ಇಟ್ಟುಕೊಳ್ಳುತ್ತೀರೋ ಮಾರುತ್ತೀರೋ, ಎಲ್ಲ ಗೊತ್ತಾಗಿರುತ್ತದೆ. ಆದರೆ ಗಡುವಿನ ತಾರೀಖನ್ನು ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ. ವಾರಂಟಿ ಮುಗಿದ ಮಾರನೇ ದಿನ ಹೋದರೆ ಬಹಳ ಕಡೆ ಆಗುವುದಿಲ್ಲ ಅನ್ನುತ್ತಾರೆ.

ಮೂರು ವರ್ಷದೊಳಗೆ ಕಾರು ಮಾರುವವರಿಗೆ ಇದು ಬೇಡ. ನಾಲ್ಕನೇ ವರ್ಷದಲ್ಲಿ ಮಾರುವುದಾದರೆ, ಉಳಿದ ವಾರಂಟಿ ಕೊಳ್ಳುವವರ ಹೆಸರಿಗೆ ಹೋಗುತ್ತದೆಯಾ ಕೇಳಿ. ಹೋಗುವುದಾದರೆ ಮಾರುವಾಗ ಅದು ಒಂದು ಬಲ.

ಇದ್ದೂ ಸಿಗದೆ ಹೋಗುವುದು

ದಾವಣಗೆರೆಯಲ್ಲಿರುವ ನಮ್ಮ ಭಾವನ ಕಾರಿನ ಕಥೆ ಹೇಳಲೇಬೇಕು. ಅವರು ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ದರು. ಪ್ರತಿ ಸರ್ವಿಸ್ಸೂ ತಾರೀಖು ತಪ್ಪದೆ ಮಾಡಿಸಿದ್ದರು. ನಾಲ್ಕನೇ ವರ್ಷ ಇಂಡಿಕೇಟರು, ವೈಪರು, ಸೆಂಟ್ರಲ್ ಲಾಕು ಒಟ್ಟಿಗೆ ಕೈಕೊಟ್ಟವು. ಇವನ್ನೆಲ್ಲ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಬಾಡಿ ಕಂಟ್ರೋಲ್ ಮಾಡ್ಯೂಲ್ ಹೋಗಿದೆ, ಹದಿನೆಂಟು ಸಾವಿರ ಅಂದರು. ವಾರಂಟಿ ಇದೆಯಲ್ಲ ಅಂತ ಭಾವ ನೆಮ್ಮದಿಯಾಗಿದ್ದರು. ಸರ್ವಿಸ್ ಅಡ್ವೈಸರ್ ಅವರನ್ನು ಬಾನೆಟ್ ಹತ್ತಿರ ಕರೆದು, ಮೊಬೈಲ್ ಟಾರ್ಚ್ ಹಾಕಿ, ಬ್ಯಾಟರಿ ಹಿಂದೆ ಬೆರಳು ತೋರಿಸಿದರು. ಅಲ್ಲಿ ಕಂಪನಿಯ ವೈರಿನ ಸಿಪ್ಪೆ ಸುಲಿದು, ಇನ್ನೊಂದು ಕೆಂಪು ವೈರ್ ಸುತ್ತಿ, ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಹಾಕಿತ್ತು. ಮೊದಲ ವರ್ಷ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಫಾಗ್ ಲ್ಯಾಂಪ್. ಫೋಟೊ ತೆಗೆದು ಕಳಿಸಿದರು, ಮೂರನೇ ದಿನ ಕ್ಲೇಮ್ ಆಗಲ್ಲ ಅಂತ ಉತ್ತರ ಬಂತು.

ವೈರ್ ಕತ್ತರಿಸದೆ ಕಪ್ಲರ್‌ಗೆ (ಕಾರಿನಲ್ಲೇ ಇರುವ ವೈರಿನ ಪ್ಲಗ್ಗಿಗೆ) ಕೂರಿಸುವ ಸಾಮಾನುಗಳೂ ಸಿಗುತ್ತವೆ. ಆದರೂ ವಾರಂಟಿ ಇರುವ ತನಕ ವಿದ್ಯುತ್ತಿನ ಕೆಲಸ ಏನಿದ್ದರೂ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸುವ ಯೋಚನೆ ಇದ್ದರೆ ಎಕ್ಸ್‌ಟೆಂಡೆಡ್ ವಾರಂಟಿಗೆ ದುಡ್ಡು ಹಾಕಲೇಬೇಡಿ. ಸರ್ವಿಸ್ಸಿನಲ್ಲೂ ಹಾಗೆ. ಮೂರನೇ ವರ್ಷದ ಮೇಲೆ ನಮ್ಮೂರ ಮೆಕ್ಯಾನಿಕ್ ಹತ್ತಿರವೇ ಮಾಡಿಸುತ್ತೇನೆ ಅನ್ನುವವರಿಗೆ ಈ ವಾರಂಟಿ ನಿಲ್ಲುವುದು ಕಷ್ಟ. ಅಧಿಕೃತ ಸರ್ವಿಸ್ಸಿನ ಹೆಚ್ಚಿನ ಖರ್ಚನ್ನೂ ವಾರಂಟಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಹತ್ತಿರದ ಸರ್ವಿಸ್ ಸೆಂಟರ್ 80 ಕಿಲೋಮೀಟರ್ ದೂರ ಇರುವ ಊರಿನವರು ಇದನ್ನು ಮರೆಯಬಾರದು.

ಟೈರ್ ಮತ್ತು 12 ವೋಲ್ಟಿನ ಬ್ಯಾಟರಿಗೆ ಅವುಗಳನ್ನು ಮಾಡಿದ ಕಂಪನಿಯ ವಾರಂಟಿ ಬೇರೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್, ಬಲ್ಬ್, ಫಿಲ್ಟರ್ ಸವೆಯುವ ಸಾಮಾನು, ಸೇರುವುದಿಲ್ಲ. ಮಲೆನಾಡಿನಲ್ಲಿ ಇಲಿ ವೈರ್ ಕಡಿದರೆ, ಕರಾವಳಿಯ ಉಪ್ಪುಗಾಳಿಗೆ ಮೇಲ್ಮೈ ತುಕ್ಕು ಹಿಡಿದರೆ ವಾರಂಟಿಯವರು ಒಪ್ಪುವುದಿಲ್ಲ. ಕಲಬೆರಕೆ ಪೆಟ್ರೋಲಿನಿಂದ ಇಂಜೆಕ್ಟರ್ ಕೆಟ್ಟಿತು ಅಂತ ಹೇಳಿ ತಳ್ಳಿಹಾಕುವುದೂ ಉಂಟು, ಅದಕ್ಕೇ ನಾನು ಒಂದೆರಡು ಬಂಕಿನಲ್ಲೇ ಹಾಕಿಸಿ ರಸೀದಿ ಇಟ್ಟುಕೊಳ್ಳುತ್ತೇನೆ.

ಷರತ್ತೆಲ್ಲ ಪಾಲಿಸಿದ್ದರೂ ಇಲ್ಲ ಅಂದರೆ ಸುಮ್ಮನಾಗಬೇಡಿ. ಯಾವ ಷರತ್ತಿನ ಪ್ರಕಾರ ಇಲ್ಲ ಅಂತ ಇಮೇಲಿನಲ್ಲಿ ಬರೆದು ಕೊಡಲು ಹೇಳಿ. ಬಾಯಿಮಾತಿನ ‘ಆಗಲ್ಲ’ ಎಷ್ಟೋ ಸಲ ಅಲ್ಲೇ ಬದಲಾಗುತ್ತದೆ. ಆಮೇಲೆ ಕಂಪನಿಯ ಗ್ರಾಹಕ ಸೇವೆಗೆ, ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷದ ಕಾಲಾವಕಾಶ ಇದೆ.

ತಗೊಳ್ಳುವುದು ಅಂತ ತೀರ್ಮಾನ ಆದರೆ ದುಡ್ಡು ಕಟ್ಟಿದ ರಸೀದಿ ಒಂದೇ ಸಾಲದು. ವಾರಂಟಿಯ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ನಿಮ್ಮ ಚಾಸಿ ನಂಬರ್, ಶುರುವಾಗುವ ಮತ್ತು ಮುಗಿಯುವ ತಾರೀಖು, ಕಿಲೋಮೀಟರ್ ಮಿತಿ, ಮೂರೂ ಸರಿ ಇದೆಯಾ ನೋಡಿ. ವಾರದ ನಂತರ ಕಂಪನಿಯ ಆ್ಯಪಿನಲ್ಲಿ ನಿಮ್ಮ ಕಾರಿನ ವಿವರ ತೆರೆದು ನೋಡಿ, ಅಲ್ಲಿ ಐದನೇ ವರ್ಷದ ತಾರೀಖು ಕಾಣಬೇಕು. ನನ್ನ ಕಾರಿನದು ಕಾಣಿಸಲಿಲ್ಲ. ಡೀಲರಿನ ಕಡೆಯವರು ದುಡ್ಡು ತಗೊಂಡು ಕಂಪನಿಯಲ್ಲಿ ನೋಂದಾಯಿಸುವುದನ್ನೇ ಬಿಟ್ಟಿದ್ದರು. ರಸೀದಿ ಹಿಡಿದು ಹೋದ ಮೇಲೆ ಅದೇ ಸಂಜೆ ಸರಿಮಾಡಿದರು.